ಹುಸೇನಮ್ಮನ ಮನೆಗೆ ಹೋದ ಭರಣಿಗಳು

ಮೆಟ್ಟುಗೂಡ, ಸಿಕಂದರಾಬಾದ್
20 ಏಪ್ರಿಲ್ 2005

ಪ್ರೀತಿಯ ಶಾಂಭವಿಗೆ,

ರಾಯಚೂರಿನ ಬಿಸಿಲಿನಲ್ಲಿ ನೀನೂ ನಿನ್ನ ಮೊಣಕಾಲೂ ಹೇಗಿದ್ದೀರಿ? ಸಂಕ್ರಾಂತಿಗೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಒಂದು ಸಲ ಬೈದುಬಿಡು, ಆಮೇಲೆ ಮುಂದೆ ಓದು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ನಮ್ಮ ಮನೆಯ ಫೋನು ಪಡಸಾಲೆಯಲ್ಲಿದೆ, ಅದರ ಪಕ್ಕದಲ್ಲೇ ಈಗ ಇವರ ಮಂಚ. ಇವರ ಎದುರಿಗೆ ಹೇಳುವ ಸುದ್ದಿಯಲ್ಲ ಇದು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ದೊಡ್ಡ ಭರಣಿಗೆ ಮುಚ್ಚಳ ಸಿಕ್ಕಿತು. ನೀನು ಹೋದ ಸಲ ಬಂದಾಗ ನೋಡಿದ್ದೀಯಲ್ಲ, ಕೆಳಗೆ ಬೆಳ್ಳಗೆ, ಹೆಗಲಿನಿಂದ ಮೇಲೆ ಜೇನಿನ ಬಣ್ಣ, ಒಳಗೆ ಒಂದು ಕೂಸು ಕೂರಬಹುದು ಎಂದು ನೀನೇ ಅಂದಿದ್ದೆ. ಮಾರೇಡಪಲ್ಲಿಯಲ್ಲಿ ಹಳೆಯ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಇವರು ಕೂಲಿಯವರಿಂದ ಅದನ್ನು ಬಿಡಿಸಿಕೊಂಡು, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು. ಮುಚ್ಚಳ ಮಾತ್ರ ಇರಲಿಲ್ಲ. ಇಷ್ಟು ವರ್ಷ ಸ್ಟೀಲಿನ ತಟ್ಟೆ ಮುಚ್ಚಿ ಅದರಲ್ಲಿ ಹುಣಸೆಹಣ್ಣು ಇಡುತ್ತಿದ್ದೆ. ಉಪ್ಪಿನಕಾಯಿಗೆ ತಟ್ಟೆ ನಡೆಯುವುದಿಲ್ಲ, ಗಾಳಿ ಹೋಗಿ ಬೂಷ್ಟು, ಬುರುಸು ಹತ್ತುತ್ತದೆ. ‘ಇದರಾಗ ಕಾಯಿ ಹಾಕಿದ ದಿನ ನಾ ಖರೇನ ರಿಟೈರ್ ಆದೆ ಅಂತ ತಿಳಿ’ ಎಂದು ಇವರು ಪ್ರತಿ ಬೇಸಿಗೆಯಲ್ಲೂ ಹೇಳುವವರು.

ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿ ಜೀವಮಾನ ಕಳೆದವರಿಗೆ ಈ ಹುಚ್ಚು ಹಿಡಿದದ್ದೂ ಅಲ್ಲಿಯೇ. ಹುಲ್ಲಿನಲ್ಲಿ ಸುತ್ತಿದ ಭರಣಿಗಳು ವ್ಯಾಗನ್ನಿನಿಂದ ಇಳಿಯುತ್ತಿದ್ದವಂತೆ. ಬೆರಳಿನ ಗೆಣ್ಣಿನಿಂದ ಬಡಿದು, ಠಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಸೀಳು ಎಂದು ಹೇಳುವುದನ್ನು ಅಲ್ಲೇ ಕಲಿತರು. ಮುಚ್ಚಳ ಕಳೆದುಕೊಂಡ ಪ್ರತಿ ಭರಣಿಯ ಬಾಯಿಯ ಅಳತೆಗೆ ಒಂದೊಂದು ತಂತಿ ಬಳೆ ಬಗ್ಗಿಸಿ ಇಟ್ಟುಕೊಂಡಿದ್ದಾರೆ. ಗುರುವಾರ ಬಂತೆಂದರೆ ಬಳೆಗಳನ್ನು ಚೀಲದಲ್ಲಿ ಹಾಕಿಕೊಂಡು, ದೊಡ್ಡದನ್ನು ತೋಳಿಗೇರಿಸಿಕೊಂಡು, ಬಸ್ಸು ಹತ್ತಿ ಜುಮೇರಾತ್ ಬಜಾರ್‌ಗೆ. ಅಲ್ಲಿಯ ಹಳೆ ಸಾಮಾನಿನವನು ಪ್ರತಿ ಸಲ ಕೇಳುವನಂತೆ, ‘ಖಾಲಿ ಢಕ್ಕನ್ ಲೇಕೆ ಕ್ಯಾ ಕರ್ತೆ ಚಾಚಾ?’ ಬರೀ ಮುಚ್ಚಳ ಒಯ್ದು ಏನು ಮಾಡುತ್ತೀರಿ ಎಂದು. ಈ ಜನವರಿಯಲ್ಲಿ ತಂತಿ ಬಳೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದು ಕೂತಿತು. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದು, ಚಪ್ಪಲಿ ಬಿಡದೆ ಸೀದಾ ಅಡುಗೆಮನೆಗೆ ನುಗ್ಗಿದರು. ನಾನು ಬೈದೆ. ಅವರಿಗೆ ಕೇಳಿಸಲೇ ಇಲ್ಲ.

ಈಗ ಇಂಥ ಭರಣಿಗೆ ಬಂದ ಬೆಲೆ ನೋಡು. ನಮ್ಮ ಭಾಗ್ಯಶ್ರೀಯ ಆಫೀಸಿನಲ್ಲಿ ಮಂಗಳೂರಿನ ಪ್ರಜ್ವಲ ಎಂಬ ಹುಡುಗನಿದ್ದಾನೆ, ಮಿಯಾಪುರದಲ್ಲಿ ಹೊಸ ಫ್ಲ್ಯಾಟ್ ತೆಗೆದುಕೊಂಡಿದ್ದಾನೆ. ಊಟಕ್ಕೆ ಬಂದವನು ದೊಡ್ಡ ಭರಣಿ ನೋಡಿ, ಬಾಗಿಲಲ್ಲಿ ಛತ್ರಿ ನಿಲ್ಲಿಸಲು ಕೊಡುತ್ತೀರಾ ಎಂದ. ‘ಛತ್ರಿಗೆ ಬಕೀಟು ಸಾಲೂದಿಲ್ಲೇನಪ್ಪಾ?’ ಎಂದರು ಇವರು, ಬಲು ಮರ್ಯಾದೆಯಿಂದ. ಕಡೆಗೆ ಜೀಡಿಮೆಟ್ಲಾದ ಯಾವುದೋ ಕಾರ್ಖಾನೆಯಿಂದ ಬಂದ ಆಸಿಡ್ ಭರಣಿ ಕೊಟ್ಟು ಕಳಿಸಿದರು. ನಾನು ಅದನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ. ಛತ್ರಿಗೆ ಆಸಿಡ್ಡಿನ ಭಯವಿಲ್ಲವಲ್ಲ.

ಇನ್ನು ಇನ್ನೊಂದು ಸುದ್ದಿ. ಹೋಳಿ ಹುಣ್ಣಿಮೆಯ ಹೊತ್ತಿಗೆ ಇವರ ಕಣ್ಣು ಹಳದಿಯಾದವು. ಕಾಮಾಲೆ ಎಂದುಕೊಂಡೆವು. ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರು ಭಾಗ್ಯಶ್ರೀಯನ್ನು ಒಳಗೆ ಕರೆದು ಹೇಳಿದರು. ಕಾಮಾಲೆಯಲ್ಲ, ಪಿತ್ತಕೋಶದಲ್ಲಿ ಗಡ್ಡೆ, ಈಗಾಗಲೇ ಹಬ್ಬಿದೆ, ಕೆಲವು ತಿಂಗಳು ಮಾತ್ರ. ಹುಡುಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು, ‘ಅಪ್ಪಗ ಹೇಳೂದು ಬ್ಯಾಡವ್ವಾ’ ಎಂದಳು. ನಾನೂ ಬೇಡ ಎಂದೆ. ಹಾಗಾಗಿ ನಮ್ಮ ಮನೆಯಲ್ಲಿ ಇರುವುದು ಕಾಮಾಲೆ.

ಡಾಕ್ಟರು ಇನ್ನೊಂದು ಮಾತು ಹೇಳಿದರಂತೆ. ಪಥ್ಯಗಿಥ್ಯ ಏನೂ ಬೇಡ, ಬಾಯಿಗೆ ಏನು ಬೇಕೋ ತಿನ್ನಲಿ. ಡಾಕ್ಟರ ಬಾಯಿಂದ ಅಂಥ ಮಾತು ಬಂದರೆ ಏನರ್ಥ ಎಂದು ನಿನಗೆ ಬಿಡಿಸಿ ಹೇಳಬೇಕೇ? ಆದರೆ ಕಾಮಾಲೆಯವನಿಗೆ ಉಪ್ಪಿನಕಾಯಿ ಬಡಿಸಿದರೆ ಇವರಿಗೆ ಆ ಕ್ಷಣವೇ ಸಂಶಯ ಬರುತ್ತದೆ. ಎಣ್ಣೆಯಿಲ್ಲ, ಖಾರವಿಲ್ಲ, ಹುಳಿಯಿಲ್ಲ, ಸಪ್ಪೆ ಗಂಜಿ ಶುರು ಮಾಡಿದ್ದೇನೆ. ಊಟಕ್ಕೆ ಕೂತರೆ ಮೊದಲು ಉಪ್ಪಿನಕಾಯಿ ಎಲ್ಲಿ ಎನ್ನುತ್ತಿದ್ದ ಮನುಷ್ಯ ತುಟಿ ಎರಡು ಮಾಡದೆ ಕುಡಿಯುತ್ತಾರೆ. ಅವರಿಗೆ ಒಂದಿಷ್ಟೂ ತಿಳಿಯಬಾರದು ಶಾಂಭವಿ. ಹೆದರದೆ ಹೋಗಲಿ. ನನಗೆ ಈಗ ಬೇಕಾಗಿರುವುದು ಅದೊಂದೇ.

ಉತ್ತರ ಬರೆಯುವಾಗ ಎಚ್ಚರ. ಅಂಚೆ ಒಡೆಯುವವರು ಅವರು. ಕಾಮಾಲೆ ಇಳಿಯಿತೇ ಎಂದಷ್ಟೇ ಕೇಳು. ಬೇಕಾದರೆ ಒಂದು ಮನೆಮದ್ದೂ ಬರೆ, ನಂಬಿಕೆ ಬರುತ್ತದೆ.

ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ
ಅಹಲ್ಯಾ


ಮೆಟ್ಟುಗೂಡ
8 ಜೂನ್ 2005

ಪ್ರೀತಿಯ ಶಾಂಭವಿಗೆ,

ನಿನ್ನ ಪತ್ರ ಬಂದು ತಿಂಗಳಾಯಿತು, ತಡವಾದದ್ದಕ್ಕೆ ಕಾರಣ ಮಾವಿನಕಾಯಿ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡು ಎಂದು ಎಷ್ಟು ಚೆನ್ನಾಗಿ ಬರೆದಿದ್ದೀ. ಇವರೇ ಗಟ್ಟಿಯಾಗಿ ಓದಿ ಹೇಳಿದರು. ಓದಿ ಮುಗಿಸಿ, ‘ನಿನ್ನ ಗೆಳತಿ ಭಾಳ ಶ್ಯಾಣ್ಯಾ ಇದ್ದಾಳ’ ಎಂದು ಕನ್ನಡಕ ತೆಗೆದರು. ಮರುದಿನದಿಂದ ಆ ಕಹಿಯನ್ನೂ ಕುಡಿಯುತ್ತಿದ್ದಾರೆ. ಪಾಪ, ನಿನ್ನಿಂದ ಅದೊಂದು ಹೆಚ್ಚಾಯಿತು.

ಈ ವರ್ಷ ಉಪ್ಪಿನಕಾಯಿ ಹಾಕುವ ಮನಸ್ಸು ನನಗಿರಲಿಲ್ಲ. ಯಾರು ತಿನ್ನಬೇಕು? ಆದರೆ ಹಾಕದಿದ್ದರೆ ಯಾಕೆ ಹಾಕಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ‘ಮುಚ್ಚಳ ಸಿಕ್ಕ ವರ್ಷಾನ ಬಿಡ್ತೀಯೇನು?’ ಎಂದು ಇವರೇ ಎಬ್ಬಿಸಿದರು. ಮೊಂಡಾ ಮಾರ್ಕೆಟ್ಟಿನಿಂದ ಕಾಯಿ ತಂದು, ಅಲ್ಲಿಯೇ ಓಟೆ ಸಮೇತ ಕಡಿಸಿದೆ. ಇಲ್ಲಿಯವರ ಹಾಗೆ ಸಾಸಿವೆ ಸುರಿಯಲಿಲ್ಲ, ನಮ್ಮ ಕಡೆಯ ಹಾಗೆ ಮೆಂತ್ಯ, ಇಂಗು, ತುಸು ಬೆಲ್ಲ. ಇವರು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು, ತೊಳೆದು ಒಣಗಿಸಿದ ಭರಣಿಗಳನ್ನು ಒಂದೊಂದಾಗಿ ಬಡಿದು ನೋಡಿ ಒಳಗೆ ಕೊಟ್ಟರು. ತೋಳು ಕಡ್ಡಿಯಾಗಿವೆ, ಕಿವಿ ಮಾತ್ರ ಚುರುಕು. ಒಂದನ್ನು ದಬ್ ಎನ್ನುತ್ತದೆ ಎಂದು ಪಕ್ಕಕ್ಕಿಟ್ಟರು. ನೀರು ತುಂಬಿ ನೋಡಿದೆ, ಸಂಜೆಯ ಹೊತ್ತಿಗೆ ಕೆಳಗಿನ ಪೇಪರು ಒದ್ದೆ.

ದೊಡ್ಡ ಭರಣಿ ಕೊರಳಿನ ತನಕ ತುಂಬಿತು. ಮುಚ್ಚಳ ಕೂರಿಸಿ ಮೇಲೆ ಬಿಳಿ ಬಟ್ಟೆ ಕಟ್ಟಿದ್ದೂ ಇವರೇ, ಶೆಡ್ಡಿನಲ್ಲಿ ಪಾರ್ಸೆಲ್ಲಿಗೆ ಹಾಕುತ್ತಿದ್ದ ಗಂಟು. ಆ ಗಂಟು ಬಿಚ್ಚುವುದು ನನಗೆ ಇಷ್ಟು ವರ್ಷದಲ್ಲಿ ಬಂದಿಲ್ಲ, ಅವರನ್ನೇ ಕರೆಯಬೇಕು. ಅಂದು ಊಟಕ್ಕೂ ಗಂಜಿಯೇ. ಮನೆಯೆಲ್ಲ ಇಂಗು, ಎಣ್ಣೆಯ ವಾಸನೆ, ಇವರ ಮುಂದೆ ಬಿಳಿ ಬಟ್ಟಲು. ಒಂದು ಹೋಳು ಕೊಡು ಎಂದು ಕೇಳಲೇ ಇಲ್ಲ. ಬಟ್ಟಲು ಬರಿದು ಮಾಡಿ, ‘ರುಚಿ ಆಗೈತಿ’ ಎಂದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಈಗ ಜಗಳದ ಸುದ್ದಿ ಕೇಳು. ಹೋದ ವಾರ ಭಾಗ್ಯಶ್ರೀಯೂ ನಾನೂ ರಿಪೋರ್ಟು ತರಲು ಹೋಗಿದ್ದೆವು. ಮರಳಿ ಬಂದು ನೋಡುತ್ತೇನೆ, ಅಡುಗೆಮನೆಯ ಹಲಗೆಯ ಮೇಲೆ ಒಂದೂ ಭರಣಿಯಿಲ್ಲ. ಈ ವರ್ಷದ್ದು, ಹೋದ ವರ್ಷದ ನಿಂಬೆಕಾಯಿ, ಎಲ್ಲವೂ ಖಾಲಿ. ಕಳ್ಳರು ಬಂದರೇ ಎಂದುಕೊಂಡೆ. ಇವರು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಾರೆ.

‘ಭರಣಿ ಎಲ್ಲಿ ಹೋದುವು ರೀ?’

‘ಹುಸೇನಮ್ಮನ ಮನ್ಯಾಗ ಇಡಿಸೀನಿ. ಹಲಗಿಗೆ ಒರಲಿ ಹತ್ತೈತಿ. ಔಷಧ ಹೊಡಸಬೇಕು. ಅದರ ವಾಸನಿ ಕಾಯಿಗೆ ಹತ್ತಿದ್ರ ಎಲ್ಲಾ ಹಾಳು.’

ಹುಸೇನಮ್ಮ ನಮ್ಮ ಗೋಡೆಯಾಚೆಯವಳು, ಲಿಂಗಸುಗೂರಿನ ಕಡೆಯ ಹೆಂಗಸು. ಒಳ್ಳೆಯವಳೇ. ಆದರೆ ನನ್ನ ಭರಣಿ ಯಾರೂ ಮುಟ್ಟಬಾರದು ಎನ್ನುವುದು ನಿನಗೂ ಗೊತ್ತು, ನೀನೇ ಒಮ್ಮೆ ಬೈಸಿಕೊಂಡಿದ್ದೀ. ಹಾಕಿ ಹದಿನೈದು ದಿನವೂ ಆಗದ ಕಾಯಿಯನ್ನು ಕುಲುಕಾಡಿಸಿದರೆ ಏನು ಗತಿ? ನಾಲ್ಕು ಹೆಜ್ಜೆ ನಡೆದರೆ ಕೂರುವ ಮನುಷ್ಯ ಭರಣಿ ಹೊರಲು ಹೋಗಿದ್ದಾರೆ. ಬಾಯಿಗೆ ಬಂದಂತೆ ಬೈದೆ. ಕಾಯಿಲೆಯವರು ಎಂಬುದನ್ನೂ ಮರೆತು ಬೈದೆ. ಇವರು ನಗುತ್ತಾ ಕೂತಿದ್ದರು. ‘ಬೈಯಿ. ಭಾಳ ದಿನ ಆಗಿತ್ತು’ ಎಂದರು.

ವಾಪಸ್ಸು ತರುತ್ತೇನೆಂದು ಹುಸೇನಮ್ಮನ ಮನೆಗೆ ಹೋದೆ. ತನ್ನ ಮಲಗುವ ಕೋಣೆಯಲ್ಲಿ, ಮಂಚದ ಪಕ್ಕ ಒಗೆದ ಚಾದರ ಹಾಸಿ ಸಾಲಾಗಿ ಇಟ್ಟಿದ್ದಾಳೆ. ‘ಅಕ್ಕಾರ, ಅಣ್ಣಾರು ಹೇಳ್ಯಾರ ಕೊಡಬ್ಯಾಡ ಅಂತ. ನಾ ಹ್ಯಾಂಗ ಕೊಡ್ಲಿ?’ ಎಂದು ಬಾಗಿಲಿಗೆ ಅಡ್ಡ ನಿಂತಳು. ಮುಖ ನೋಡಿದರೆ ಅವಳೇ ಅಳುವ ಹಾಗಿದ್ದಳು. ನಾನು ಅಷ್ಟು ಜೋರು ಮಾಡಿದೆನೇ ಎಂದು ನಾಚಿಕೆಯಾಗಿ ಬಂದುಬಿಟ್ಟೆ. ಔಷಧ ಹೊಡೆಯುವವನು ಇನ್ನೂ ಬಂದಿಲ್ಲ. ಕೇಳಿದರೆ ಬರುತ್ತಾನೆ ಬರುತ್ತಾನೆ ಎನ್ನುತ್ತಾರೆ.

ಒಂದು ಸಮಾಧಾನ ಹೇಳಲೇ? ಹಲಗೆಗೆ ಗೆದ್ದಲು ಹತ್ತಿತೆಂದು ಚಿಂತೆ ಮಾಡುವ ಮನುಷ್ಯ ಮುಂದಿನ ವರ್ಷದ ಲೆಕ್ಕದಲ್ಲಿದ್ದಾನೆ ಎಂದಲ್ಲವೇ? ನಮ್ಮ ಸುಳ್ಳು ನಿಂತಿದೆ ಶಾಂಭವಿ. ಅವರಿಗೆ ಏನೂ ಗೊತ್ತಿಲ್ಲ.

ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ
ಅಹಲ್ಯಾ


ಮೆಟ್ಟುಗೂಡ
28 ಆಗಸ್ಟ್ 2005

ನನ್ನ ಶಾಂಭವಿ,

ಆಪರೇಶನ್ ಆದ ಮೊಣಕಾಲು ಇಟ್ಟುಕೊಂಡು ಬರಲಾಗಲಿಲ್ಲ ಎಂದು ಕೊರಗಬೇಡ. ಭಾಗ್ಯಶ್ರೀ ಫೋನು ಕಿವಿಗೆ ಹಿಡಿದಾಗ ನೀನು ಅತ್ತದ್ದು ಕೇಳಿಸಿತು. ನಾನು ಫೋನನ್ನು ಅವಳ ಕೈಗೇ ಕೊಟ್ಟುಬಿಟ್ಟೆ. ಪತ್ರ ಬರೆಯಲು ಇಷ್ಟು ದಿನ ಹಿಡಿಯಿತು.

ಆಷಾಢದಲ್ಲಿ, ಮಧ್ಯಾಹ್ನದ ಹೊತ್ತು, ಮನೆಯಲ್ಲೇ ಹೋದರು. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರು, ಒದ್ದಾಡಲಿಲ್ಲ. ಕಡೆಯ ಎರಡು ದಿನ ಮಾತು ಕಡಿಮೆಯಾಗಿತ್ತು. ಇವತ್ತು ಗುರುವಾರ, ಬಜಾರಿನ ದಿನವಲ್ಲವೇ ಎಂದು ಕೇಳಿದ್ದೇ ಕೊನೆ. ಹೌದು ಎಂದೆ. ತಲೆಯಾಡಿಸಿದರು. ಕಾಮಾಲೆ ಇಳಿದ ಮೇಲೆ ಹೋಗುವಿರಂತೆ ಎಂದೂ ಸೇರಿಸಿದೆ ನೋಡು. ಆಗಲೂ ನಾನು ಕಾಮಾಲೆ ಬಿಡಲಿಲ್ಲ.

ಸೇಡಂನಿಂದ ಇವರ ಅಕ್ಕ ಗುಂಡಮ್ಮ ಬಂದರು. ಎಪ್ಪತ್ತು ದಾಟಿದ ಜೀವ, ತಮ್ಮನ ಮುಂದೆ ಒಂದು ಗಳಿಗೆ ಅತ್ತು ಆಮೇಲೆ ಮನೆಯ ಹೊಣೆಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡರು. ಮೂರನೆಯ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ಹೊರಟರು.

‘ಅಹಲ್ಯಾ, ಉಪ್ಪಿನಕಾಯಿ ಎಲ್ಲಿ ಇಟ್ಟೀದಿ? ಚೆಲ್ಲಬೇಕವ್ವಾ. ಸಾವಾದ ಮನ್ಯಾಗಿಂದು ಇಟಗೊಳ್ಳೂ ಹಂಗಿಲ್ಲ.’

ನನಗೆ ಗೊತ್ತಿರಲಿಲ್ಲ. ನಮ್ಮ ತವರಿನಲ್ಲಿ ಈ ಪದ್ಧತಿಯಿಲ್ಲ. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು, ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವಳಿಗೆ ಇದನ್ನೆಲ್ಲ ಹೇಳುವವರು ಯಾರು? ‘ಮನೆಯಲ್ಲಿ ಇಲ್ಲ ಅಕ್ಕಾ. ಒರಲೆ ಔಷಧಕ್ಕೆಂದು ಪಕ್ಕದ ಮನೆಯಲ್ಲಿ ಇಡಿಸಿದ್ದಾರೆ’ ಎಂದೆ.

ಗುಂಡಮ್ಮ ಖಾಲಿ ಹಲಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

‘ಯಾರು ಇಡಿಸ್ಯಾರ?’

‘ಇವರೇ.’

ಅವರು ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟರು. ‘ನಮ್ಮಪ್ಪ ಹೋಗೂ ಮುಂದ ಅವ್ವ ಹಿಂಗಽ ಮಾಡಿದ್ಲು’ ಎಂದರು. ‘ಜೀವ ಉಳಿಯೂದಿಲ್ಲ ಅಂತ ಖಾತ್ರಿ ಆದ ಮ್ಯಾಲೆ, ಸೂತಕ ಹತ್ತೂದರೊಳಗ ಭರಣಿ ನೆರಮನಿಗೆ ಸಾಗಸ್ತಾರ. ವರ್ಷದ ಕಾಯಿ ಉಳೀತೈತಿ. ಅವತ್ತು ಭರಣಿ ಹೊತಗೊಂಡು ಹೋದಾಂವ ನಿನ್ನ ಗಂಡ ಭೀಮಾಶಂಕರನಽ. ಹತ್ತು ವರ್ಷದಾಂವ ಇದ್ದ. ಹೊತ್ತು ಮುಗಿಸಿ ಬಂದು, ಅಪ್ಪ ಸಾಯ್ತಾನೇನಕ್ಕಾ ಅಂತ ಕೇಳಿದ್ದ ನನ್ನ.’

ಎದ್ದು ಹೋಗಿ ಹಲಗೆಯ ಮೇಲೆ, ಕೆಳಗೆ, ಗೋಡೆಯ ಸಂದಿನಲ್ಲಿ ಕೈಯಾಡಿಸಿದೆ. ತೇಗದ ಹಲಗೆ ಶಾಂಭವಿ, ಕಲ್ಲಿನ ಹಾಗೆ ಗಟ್ಟಿಯಿದೆ. ಒರಲೆಯೂ ಇಲ್ಲ, ಒರಲೆಯ ಮಣ್ಣೂ ಇಲ್ಲ. ಒಂದು ಸಲ ಕೈಯಾಡಿಸಿ ನೋಡಬೇಕೆಂದು ಜೂನಿನಲ್ಲಿ ನನಗೆ ಹೊಳೆಯಲಿಲ್ಲ. ಬೈಯುವುದರಲ್ಲೇ ಇದ್ದೆ.

ಹದಿಮೂರನೆಯ ದಿನ ಕಳೆದ ಮೇಲೆ ಹುಸೇನಮ್ಮನನ್ನು ಕೂರಿಸಿಕೊಂಡು ಕೇಳಿದೆ. ಎಲ್ಲ ಹೇಳಿದಳು. ನಾವು ಆಸ್ಪತ್ರೆಗೆ ಹೋದ ಕೂಡಲೇ ಗೋಡೆಯ ಮೇಲಿಂದ ಕರೆದರಂತೆ. ಅವಳೂ ಅವಳ ಗಂಡನೂ ಹೊತ್ತರು. ದೊಡ್ಡ ಭರಣಿಯ ಮುಚ್ಚಳ ಅಲುಗಬಾರದೆಂದು ಇವರು ಅದರ ಮೇಲೆ ಕೈ ಇಟ್ಟುಕೊಂಡು ಜೊತೆಗೆ ನಡೆದರು. ನಡುವೆ ಎರಡು ಕಡೆ ಕೂತರು. ಹುಸೇನಮ್ಮನಿಗೆ ಅನುಮಾನ ಬಂದು ಕೇಳಿದ್ದಾಳೆ. ಆಗ ಇವರು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

‘ನಾ ಹೋದ ಮ್ಯಾಲೆ ನಮ್ಮಕ್ಕ ಬಂದು ಎಲ್ಲಾ ಚೆಲ್ಲಸ್ತಾಳ ನೋಡವಾ. ಇಕಿ ಕಣ್ಣೀರು ಹಾಕ್ಕೋತ ಹಾಕ್ಯಾಳ ಈ ಕಾಯಿ. ಇಕಿಗೆ ಹೇಳಬ್ಯಾಡ. ನನಗ ಏನೂ ಗೊತ್ತಿಲ್ಲ ಅಂತ ತಿಳಕೊಂಡಾಳ. ಹಂಗಽ ಇರ್ಲಿ, ಆಕಿಗೆ ಅಷ್ಟರ ನಿಶ್ಚಿಂತಿ.’

ನಾನು ಒಳಗೆ ಹೋಗಿ ಅತ್ತದ್ದು ಕುರ್ಚಿಯಲ್ಲಿ ಕೂತವರಿಗೆ ಕೇಳಿಸುತ್ತಿತ್ತು. ಕಿವಿ ಚುರುಕು ಎಂದು ನಾನೇ ನಿನಗೆ ಬರೆದಿದ್ದೆ. ನಿನ್ನ ಪತ್ರ ಓದಿ ನಿನ್ನನ್ನು ಶ್ಯಾಣ್ಯಾ ಎಂದದ್ದು ಈಗ ಅರ್ಥವಾಗುತ್ತದೆ. ಆ ನೆಲನೆಲ್ಲಿಯ ಕಹಿಯನ್ನೂ ನಮ್ಮಿಬ್ಬರ ಮಾನ ಉಳಿಸಲು ಕುಡಿದರು.

ಭರಣಿಗಳು ಮರಳಿ ಬಂದಿವೆ. ಹುಸೇನಮ್ಮ ಎರಡು ತಿಂಗಳು ಆ ಕೋಣೆಯಲ್ಲಿ ಒಗ್ಗರಣೆಯ ಹೊಗೆಯೂ ಹೋಗದಂತೆ ನೋಡಿಕೊಂಡಿದ್ದಳು. ಮೊದಲನೆಯ ಸಲ ಬೇರೆಯವರ ಕೈಗೆ ಬಿಟ್ಟೆ, ಅವಳೇ ನನ್ನ ಹಲಗೆಯ ಮೇಲೆ ಜೋಡಿಸಿದಳು, ನಾನು ಸುಮ್ಮನೆ ನೋಡುತ್ತಾ ನಿಂತೆ. ಮಂಚದ ಕೆಳಗೆ ಜೊತೆ ಸಿಗದ ಮುಚ್ಚಳಗಳ ಡಬ್ಬಿಯಿದೆ, ಗೂಟಕ್ಕೆ ತಂತಿ ಬಳೆಗಳು ನೇತಾಡುತ್ತಿವೆ. ಪ್ರಜ್ವಲ ಬಂದಿದ್ದ. ಬಳೆಗಳನ್ನು ಕೈಯಲ್ಲಿ ಹಿಡಿದು ನೋಡಿ ಅಲ್ಲೇ ನೇತು ಹಾಕಿ ಹೋದ. ಭಾಗ್ಯಶ್ರೀ ಆಫೀಸಿಗೆ ಹೋಗುತ್ತಿದ್ದಾಳೆ. ಬೇಗ ಬರುತ್ತಾಳೆ, ನನ್ನ ಪಕ್ಕದಲ್ಲೇ ಮಲಗುತ್ತಾಳೆ.

ನಿನ್ನ ಮೊಮ್ಮಗಳಿಗೆ ಹೆಸರಿಟ್ಟಿರಾ? ಕೂಸಿಗೆ ಈ ಅಜ್ಜಿಯ ಹರಕೆ ಮುಟ್ಟಿಸು. ನೂರು ವರ್ಷ ಬಾಳಲಿ, ಬಾಯಿಗೆ ಬೇಕಾದ್ದನ್ನೆಲ್ಲ ತಿಂದುಕೊಂಡು ಬಾಳಲಿ. ನೀನು ನಡೆಯುವಂತಾದ ದಿನ ರೈಲು ಹತ್ತಿ ಬಾ.

ನಿನ್ನ
ಅಹಲ್ಯಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ನಿನ್ನೆ ದೊಡ್ಡ ಭರಣಿ ತೆರೆದೆ. ಗಂಟು ಬಿಚ್ಚಲು ಬರಲಿಲ್ಲ, ಕತ್ತರಿಸಿದೆ. ಕಾಯಿ ಚೆನ್ನಾಗಿ ನೆಂದಿದೆ, ಎಲ್ಲೂ ಬುರುಸಿಲ್ಲ, ಮುಚ್ಚಳ ಅಷ್ಟು ಬಿಗಿಯಾಗಿ ಕೂತಿತ್ತು. ಭಾಗ್ಯಶ್ರೀ ತಿಂದಳು. ನನಗೆ ಬಾಯಿಗಿಡಲು ಆಗಲಿಲ್ಲ.

ಏನು ಬೇಕೋ ತಿನ್ನಲಿ ಎಂದಿದ್ದರು ಡಾಕ್ಟರು. ಇವರಿಗೆ ತಿಳಿಯಬಾರದೆಂದು ನಾನು ಸಪ್ಪೆ ಗಂಜಿ ಕೊಟ್ಟೆ. ಅವರಿಗೆ ತಿಳಿದಿತ್ತು. ತಮಗೆ ತಿಳಿದಿದೆ ಎಂದು ನನಗೆ ತಿಳಿಯಬಾರದೆಂದು ಅವರು ಕುಡಿದರು. ಆ ಭರಣಿಯಲ್ಲಿ ಕಾಯಿ ಬೀಳಲಿ ಎಂದು ವರ್ಷಗಟ್ಟಲೆ ಕಾದ ಮನುಷ್ಯ. ಮುಚ್ಚುವ ಮೊದಲು ಒಂದೇ ಒಂದು ಸಲ, ‘ಇಲ್ಲಿ ತಾ, ವಾಸನಿ ನೋಡ್ತೀನಿ’ ಎಂದರು. ಕೈಗೆ ಕೊಟ್ಟರೆ ಎಲ್ಲಿ ಒಂದು ಹೋಳು ತೆಗೆದುಕೊಳ್ಳುತ್ತಾರೋ ಎಂದು ಸೌಟನ್ನು ನಾನೇ ಮೂಗಿನ ಹತ್ತಿರ ಹಿಡಿದು, ಹಿಂದಕ್ಕೆ ಎಳೆದುಕೊಂಡೆ. ‘ಉಪ್ಪು ಸರಿ ಆಗೈತಿ’ ಎಂದರು. ಆಮೇಲೆ ಗಂಜಿಯ ಬಟ್ಟಲು ಕೊಟ್ಟೆ.